ಪ್ರಶ್ನೋತ್ತರ: ವಯಸ್ಸಾದ ತಂದೆತಾಯಿಯೊಂದಿಗೆ ಲ್ಯುಬ್ಲಿಯಾನಾದಲ್ಲಿ ವಾರಾಂತ್ಯ

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿ ನೆಲೆಸಿದ್ದೇವೆ. ದಾವಣಗೆರೆಯಿಂದ ಬಂದಿರುವ ತಂದೆತಾಯಿ ಸೆಪ್ಟೆಂಬರ್ ಕೊನೆಯವರೆಗೆ ನಮ್ಮೊಂದಿಗೆ ಇರುತ್ತಾರೆ. ಇಬ್ಬರಿಗೂ ಎಪ್ಪತ್ತರ ಆಸುಪಾಸು, ತಂದೆಗೆ ಮಂಡಿನೋವು ಬೇರೆ. ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾಕ್ಕೆ ಶುಕ್ರವಾರ ಮಧ್ಯಾಹ್ನ ಹೊರಟು ಭಾನುವಾರ ರಾತ್ರಿ ಮರಳುವ ಯೋಚನೆಯಿದೆ. ಊರು, ಬ್ಲೆಡ್ ಸರೋವರ, ಪೋಸ್ಟೊಯ್ನಾ ಗುಹೆ, ಈ ಮೂರನ್ನೂ ಹೊಂದಿಸುವುದು ಹೇಗೆ? ತಂದೆತಾಯಿಗೆ ಸಿಕ್ಕಿರುವುದು ಜರ್ಮನಿಯ ಒಂದೇ ಪ್ರವೇಶದ ಷೆಂಗೆನ್ ವೀಸಾ. ಅದರಿಂದ ತೊಂದರೆಯಾಗುತ್ತದೆಯೇ? ಪ್ರವಾಸ ಯೋಜನೆಯೇ ವೃತ್ತಿಯಾಗಿರುವವರು ದಯವಿಟ್ಟು ತಿಳಿಸಿ.

ಉತ್ತರ: ವೀಸಾದ ವಿಷಯ ಸುಲಭವಾದುದರಿಂದ ಅದನ್ನು ಮೊದಲು ಮುಗಿಸುತ್ತೇನೆ. ಸ್ಲೊವೇನಿಯಾ 2007ರಿಂದಲೇ ಷೆಂಗೆನ್ ವಲಯದಲ್ಲಿದೆ (ಪರಸ್ಪರ ಗಡಿ ತಪಾಸಣೆ ಕೈಬಿಟ್ಟ ಯೂರೋಪಿನ ದೇಶಗಳ ಗುಂಪು), ದಾರಿಯಲ್ಲಿ ಸಿಗುವ ಆಸ್ಟ್ರಿಯಾವೂ ಅದೇ ವಲಯದ್ದು. ಆದ್ದರಿಂದ ಜರ್ಮನಿ ಬಿಟ್ಟು ಅಲ್ಲಿಗೆ ಹೋಗಿಬರುವುದು ಹೊಸ ಪ್ರವೇಶವೆಂದು ಲೆಕ್ಕಕ್ಕೆ ಬರುವುದಿಲ್ಲ. ವೀಸಾಕ್ಕಾಗಿ ಮಾಡಿಸಿದ ಪ್ರಯಾಣ ವಿಮೆಯೂ ಇಡೀ ವಲಯಕ್ಕೆ ಅನ್ವಯಿಸುತ್ತದೆ. ಆದರೆ ಪಾಸ್‌ಪೋರ್ಟ್‌ಗಳು ಎಲ್ಲರ ಕೈಯಲ್ಲೂ ಇರಬೇಕು, ನೀವಿಬ್ಬರು ನಿಮ್ಮ ಜರ್ಮನ್ ವಾಸದ ಪರವಾನಗಿ ಕಾರ್ಡನ್ನೂ ಇಟ್ಟುಕೊಳ್ಳಬೇಕು. ಗಡಿಗಳಿಲ್ಲವೆಂದು ಹೇಳಿದರೂ ಆಸ್ಟ್ರಿಯಾದಿಂದ ಜರ್ಮನಿಗೆ ಬರುವ ರೈಲುಗಳಲ್ಲಿ 2015ರಿಂದೀಚೆಗೆ ಪೊಲೀಸರು ದಾಖಲೆ ನೋಡುವುದುಂಟು. ಭಾನುವಾರ ರಾತ್ರಿ ನಿಮ್ಮ ರೈಲು ತಡವಾದರೆ ಅದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಇನ್ನು ಮೂರು ಜಾಗಗಳ ಮಾತು. ನನ್ನ ಅಭಿಪ್ರಾಯದಲ್ಲಿ ಪೋಸ್ಟೊಯ್ನಾವನ್ನು ಕೈಬಿಡಬೇಕು. ಗುಹೆ ಚೆನ್ನಾಗಿಲ್ಲವೆಂದಲ್ಲ, 1872ರಷ್ಟು ಹಿಂದೆಯೇ ಒಳಗೆ ಹಳಿ ಹಾಕಿ ಜನರನ್ನು ಕರೆದೊಯ್ದ ಜಾಗವದು. ಆದರೆ ಪುಟ್ಟ ರೈಲಿನಿಂದ ಇಳಿದ ಮೇಲೆ ಸುಮಾರು ಒಂದೂವರೆ ಕಿಲೋಮೀಟರ್ ಏರಿಳಿತದಲ್ಲಿ ನಡೆಯಬೇಕು, ಒಳಗೆ ವರ್ಷವಿಡೀ 10 ಡಿಗ್ರಿಯಷ್ಟೇ ಉಷ್ಣಾಂಶವಿರುತ್ತದೆ, ಜೊತೆಗೆ ಲ್ಯುಬ್ಲಿಯಾನಾದಿಂದ ಅದು ನೈಋತ್ಯಕ್ಕಿದ್ದರೆ ಬ್ಲೆಡ್ ವಾಯವ್ಯಕ್ಕಿದೆ. ಎರಡನ್ನೂ ಸೇರಿಸಿದರೆ ನಿಮ್ಮ ತಂದೆತಾಯಿ ನೋಡುವುದು ಮುಖ್ಯವಾಗಿ ಬಸ್ಸಿನ ಕಿಟಕಿಯನ್ನೇ. ಬದಲಿಗೆ ಶ್ಕೋಟ್ಸಿಯಾನ್ ಗುಹೆಗೆ ಹೋಗಿ ಎಂದು ಯಾರಾದರೂ ಹೇಳಿದರೆ ಅದಂತೂ ಬೇಡವೇ ಬೇಡ, ಅಲ್ಲಿ ಐನೂರರಷ್ಟು ಮೆಟ್ಟಿಲುಗಳಿವೆ.

ಉಳಿದ ಎರಡರಲ್ಲಿ ಶನಿವಾರವನ್ನು ಪೂರ್ತಿಯಾಗಿ ಊರಿಗೆ, ಭಾನುವಾರವನ್ನು ಬ್ಲೆಡ್‌ಗೆ ಕೊಡಿ, ಅದಲುಬದಲು ಮಾಡಬೇಡಿ. ಸ್ಲೊವೇನಿಯಾದಲ್ಲಿ 2020ರ ಕಾನೂನಿನ ಪ್ರಕಾರ ಭಾನುವಾರ ಹೆಚ್ಚಿನ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ. ಕೇಂದ್ರ ಮಾರುಕಟ್ಟೆಯೂ ಅಂದು ಮುಚ್ಚಿರುತ್ತದೆ, ಹೋಟೆಲು ಮತ್ತು ಕೆಫೆಗಳು ಮಾತ್ರ ನಡೆಯುತ್ತವೆ. ಹಣ್ಣು, ಮೊಸರು, ನೀರು, ತಿಂಡಿ ಎಲ್ಲವನ್ನೂ ಶನಿವಾರವೇ ಕೊಂಡಿಟ್ಟುಕೊಳ್ಳಿ. ಸರೋವರಕ್ಕೆ ಭಾನುವಾರದ ರಜೆಯಿಲ್ಲ.

ಮ್ಯೂನಿಕ್‌ನಿಂದ ಬರುವ ರೈಲು ಸಾಲ್ಜ್‌ಬರ್ಗ್, ಫಿಲಾಖ್ ದಾಟಿ ಸುಮಾರು ಆರೂವರೆ ಗಂಟೆಗಳಲ್ಲಿ ಲ್ಯುಬ್ಲಿಯಾನಾ ತಲುಪುತ್ತದೆ. ಇದೇ ಹಳಿಯ ಮೇಲೆ, ಲ್ಯುಬ್ಲಿಯಾನಾಕ್ಕೆ ಮುಂಚೆ, ಲೆಸ್ಟ್ಸೆ-ಬ್ಲೆಡ್ ಎಂಬ ನಿಲ್ದಾಣವಿದೆ. ಅಲ್ಲಿಂದ ಸರೋವರಕ್ಕೆ ನಾಲ್ಕು ಕಿಲೋಮೀಟರ್. ಆದ್ದರಿಂದ ಭಾನುವಾರ ಬೆಳಿಗ್ಗೆ ಕೊಠಡಿ ಖಾಲಿಮಾಡಿ ಬಸ್ಸಿನಲ್ಲಿ ಬ್ಲೆಡ್‌ಗೆ ಹೋಗಿ, ಮರಳುವ ರೈಲನ್ನು ಲ್ಯುಬ್ಲಿಯಾನಾದ ಬದಲು ಲೆಸ್ಟ್ಸೆಯಲ್ಲೇ ಹತ್ತಿದರೆ ಹಿಂದೆ ಬಂದು ಮತ್ತೆ ಮುಂದೆ ಹೋಗುವ ಅಲೆದಾಟ ತಪ್ಪುತ್ತದೆ. ಇದಕ್ಕೆ ಎರಡು ಷರತ್ತುಗಳಿವೆ. ನಾಲ್ವರ ಸಾಮಾನು ಕೈಚೀಲದಷ್ಟೇ ಇರಬೇಕು. ಮತ್ತು ನೇರ ರೈಲುಗಳು ದಿನಕ್ಕೆ ಬೆರಳೆಣಿಕೆಯಷ್ಟೇ ಇರುವುದರಿಂದ, ಹಳಿ ದುರಸ್ತಿಯಿದ್ದರೆ ಅವೂ ಬದಲಾಗುವುದರಿಂದ, ಮೊದಲು ವೇಳಾಪಟ್ಟಿ ನೋಡಿ ಆಮೇಲೆ ಕೊಠಡಿ ಕಾದಿರಿಸಬೇಕು. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡಿರುತ್ತಾರೆ.

ಬ್ಲೆಡ್‌ನಲ್ಲಿ ದ್ವೀಪಕ್ಕೆ ಹೋಗುವ ಪ್ಲೆಟ್ನಾ ಎಂಬ ದೋಣಿಗೆ ಮೋಟಾರ್ ಇಲ್ಲ, ಅಂಬಿಗ ನಿಂತೇ ಹುಟ್ಟು ಹಾಕುತ್ತಾನೆ. ದೋಣಿ ಇಳಿದೊಡನೆ ಚರ್ಚಿಗೆ 99 ಮೆಟ್ಟಿಲುಗಳಿವೆ. ತಂದೆಯವರು ಅವನ್ನು ಹತ್ತಲೇಬೇಕೆಂದಿಲ್ಲ. ದಡದಲ್ಲಿ ಕುಳಿತರೂ ಬಂಡೆಯ ನೆತ್ತಿಯ ಕೋಟೆ, ದ್ವೀಪ, ಹಿಂದಿನ ಪರ್ವತಸಾಲು ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ.

ಪ್ರಶ್ನೆ: ತುಂಬಾ ಉಪಕಾರವಾಯಿತು. ಹಾಗಿದ್ದರೆ ಶನಿವಾರ ಇಡೀ ದಿನ ಊರಿನಲ್ಲಿ ಏನಿದೆ? ಅರ್ಧ ದಿನದಲ್ಲಿ ಮುಗಿಯುತ್ತದೆಯೆಂದು ಸ್ನೇಹಿತರು ಹೇಳುತ್ತಾರೆ. ಮಂಡಿನೋವಿನವರಿಗೆ ನಡಿಗೆ ಎಷ್ಟು?

ಉತ್ತರ: ಫೋಟೋ ತೆಗೆದುಕೊಂಡು ಮುಂದೆ ಸಾಗುವವರಿಗೆ ಅರ್ಧ ದಿನವೂ ಹೆಚ್ಚೇ. ಮೂರು ಲಕ್ಷದಷ್ಟೂ ಜನಸಂಖ್ಯೆಯಿಲ್ಲದ ಊರು. ಹಳೆಯ ಭಾಗವಂತೂ ಲ್ಯುಬ್ಲಿಯಾನಿಟ್ಸಾ ಹೊಳೆಗೂ ಕೋಟೆಗುಡ್ಡಕ್ಕೂ ನಡುವೆ ಸಿಕ್ಕಿಕೊಂಡಿರುವ ಕೆಲವೇ ಬೀದಿಗಳು. ಆದರೆ ಇಂದು ನಾವು ನೋಡುವ ಊರಿನ ಬಹುಪಾಲು ಇಬ್ಬರ ಕೆಲಸ: ಒಂದು 1895ರ ಭೂಕಂಪ, ಇನ್ನೊಬ್ಬರು ವಾಸ್ತುಶಿಲ್ಪಿ ಯೋಜೆ ಪ್ಲೆಚ್ನಿಕ್ (1872–1957). ವಿಯೆನ್ನಾ ಮತ್ತು ಪ್ರಾಗ್‌ಗಳಲ್ಲಿ ಹೆಸರು ಮಾಡಿ ಹುಟ್ಟೂರಿಗೆ ಮರಳಿದ ಪ್ಲೆಚ್ನಿಕ್ ಇಲ್ಲಿ ಸೇತುವೆ, ಮಾರುಕಟ್ಟೆ, ಗ್ರಂಥಾಲಯ, ಹೊಳೆಯ ದಂಡೆ, ಸ್ಮಶಾನದ ಹೆಬ್ಬಾಗಿಲು ಹೀಗೆ ಒಂದೊಂದನ್ನೇ ಕಟ್ಟುತ್ತಾ ಹೋದರು. ಈ ಕೆಲಸಗಳು 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಅವುಗಳ ಜಾಡು ಹಿಡಿದು ನಡೆದರೆ ದಿನ ಸಾಲುವುದಿಲ್ಲ.

ಪ್ರೆಶೆರೆನ್ ಚೌಕದಿಂದ ಆರಂಭಿಸಿ. ಎದುರಿಗಿರುವ ಮೂರು ಸೇತುವೆಗಳಲ್ಲಿ ನಡುವಿನದು 1842ರ ಕಲ್ಲಿನ ಸೇತುವೆ. ಓಡಾಟ ಹೆಚ್ಚಿ ಅದು ಸಾಲದಾದಾಗ ಪ್ಲೆಚ್ನಿಕ್ ಅದನ್ನು ಒಡೆಯಲಿಲ್ಲ; ಅದರ ಎರಡೂ ಬದಿಗೆ, ಬೀಸಣಿಗೆಯ ಕಡ್ಡಿಗಳಂತೆ ತುಸು ಓರೆಯಾಗಿ, ಪಾದಚಾರಿಗಳಿಗೆಂದು ಎರಡು ಸೇತುವೆಗಳನ್ನು ಸೇರಿಸಿದರು. ಈ ಕೆಲಸ 1932ರಲ್ಲಿ ಮುಗಿಯಿತು. ಪಕ್ಕದ ಸೇತುವೆಗಳಿಂದ ನೀರಿನ ಮಟ್ಟಕ್ಕೆ ಮೆಟ್ಟಿಲುಗಳು ಇಳಿಯುತ್ತವೆ. ತಂದೆಯವರನ್ನು ಕೆಫೆಯಲ್ಲಿ ಕೂರಿಸಿ ನೀವೊಮ್ಮೆ ಇಳಿದು ನೋಡಿ. ಸೇತುವೆ ದಾಟಿದೊಡನೆ ಎಡಕ್ಕೆ ಹೊಳೆಯುದ್ದಕ್ಕೂ ಕಂಬಸಾಲಿನ ಮಾರುಕಟ್ಟೆ, ಅದರ ಕೊನೆಯಲ್ಲಿ 1901ರ ಡ್ರ್ಯಾಗನ್ ಸೇತುವೆ. ಬೆಳಗಿನ ಹೊತ್ತಿನಲ್ಲಿ ರೈತರು ಬಯಲು ಮಾರುಕಟ್ಟೆಗೆ ತರುವ ಜೇನುತುಪ್ಪ, ಅಣಬೆ, ಕುಂಬಳಬೀಜದ ಎಣ್ಣೆ ನೋಡುತ್ತಾ ತಾಯಿಯವರಿಗೆ ಒಂದು ಗಂಟೆ ಹೋದದ್ದೇ ತಿಳಿಯುವುದಿಲ್ಲ.

ರಾಷ್ಟ್ರೀಯ ಗ್ರಂಥಾಲಯದ ಹೊರಗೋಡೆಯನ್ನು ಹತ್ತಿರ ನಿಂತು ನೋಡಬೇಕು: ಕೆಂಪು ಇಟ್ಟಿಗೆಯ ನಡುನಡುವೆ ಒರಟು ಕಲ್ಲುಗಳು ಹೊರಚಾಚಿವೆ. ಅದೇ ಜಾಗದಲ್ಲಿದ್ದ, ಭೂಕಂಪದಲ್ಲಿ ಹಾಳಾದ ಅರಮನೆಯ ಕಲ್ಲುಗಳೂ ಅವುಗಳಲ್ಲಿವೆ. ಬಾಗಿಲಿನ ಹಿಡಿ ಕುದುರೆಯ ತಲೆಯ ಆಕಾರದ್ದು. ಒಳಗೆ ಕಪ್ಪು ಕಲ್ಲಿನ 32 ಕಂಬಗಳ ನಡುವೆ ಮಬ್ಬುಗತ್ತಲಿನ ಮೆಟ್ಟಿಲಸಾಲು ಬೆಳಕು ತುಂಬಿದ ಓದುಕೋಣೆಯತ್ತ ಏರುತ್ತದೆ. ಪ್ರವಾಸಿಗರನ್ನು ಒಳಬಿಡುವ ಸಮಯ ಸೀಮಿತವಾದುದರಿಂದ ಮೊದಲೇ ವಿಚಾರಿಸಿಕೊಳ್ಳಿ.

ಕೋಟೆಗೆ ಮಾರುಕಟ್ಟೆಯ ಪಕ್ಕದಿಂದ ಕೇಬಲ್ ಹಳಿಬಂಡಿಯಿದೆ, ಒಂದೇ ನಿಮಿಷದಲ್ಲಿ ಮೇಲೆ ಬಿಡುತ್ತದೆ. ಕೋಟೆಯ ಅಂಗಳಕ್ಕೆ ಟಿಕೆಟ್ ಇಲ್ಲ. ವಾಹನಗಳಿಲ್ಲದ ಹಳೆಯ ಪೇಟೆಯೊಳಗೆ ನಡೆಯಲಾಗದವರಿಗೆಂದು ನಗರಪಾಲಿಕೆಯವರು ಕವಲೀರ್ ಎಂಬ ಪುಟ್ಟ ವಿದ್ಯುತ್ ಬಂಡಿಗಳನ್ನು ಉಚಿತವಾಗಿ ಓಡಿಸುತ್ತಾರೆ. ಫೋನ್ ಮಾಡಿ ಕರೆಯಬಹುದು, ದಾರಿಯಲ್ಲಿ ಕೈಯೊಡ್ಡಿಯೂ ಹತ್ತಬಹುದು. ಹೋಟೆಲಿನವರಿಂದ ಆ ಸಂಖ್ಯೆ ಬರೆಯಿಸಿಕೊಳ್ಳಿ. ಕೊಠಡಿ ಹುಡುಕುವಾಗ ಲಿಫ್ಟ್ ಇದೆಯೇ ಎಂದು ಕೇಳುವುದನ್ನು ಮರೆಯಬೇಡಿ, ಹಳೆಯ ಪೇಟೆಯ ಎಷ್ಟೋ ಕಟ್ಟಡಗಳಲ್ಲಿ ಅದಿಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಾವು ಕಟ್ಟಾ ಸಸ್ಯಾಹಾರಿಗಳು, ಕಾರಿನಲ್ಲಿ ಹೋಗುವವರು, ನವೆಂಬರ್‌ನಲ್ಲಷ್ಟೇ ಬಿಡುವು. ನಮಗೂ ಇದೇ ಯೋಜನೆ ಒಪ್ಪುತ್ತದೆಯೇ?

ಉತ್ತರ: ನವೆಂಬರ್ ಬೇಡವೆನ್ನುತ್ತೇನೆ. ಲ್ಯುಬ್ಲಿಯಾನಾ ಬೆಟ್ಟಗಳ ನಡುವಿನ ತಗ್ಗಿನಲ್ಲಿರುವುದರಿಂದ ಆ ತಿಂಗಳಲ್ಲಿ ಮಂಜು ಮಧ್ಯಾಹ್ನದವರೆಗೂ ಕವಿದಿರಬಹುದು, ಕೋಟೆ ಹತ್ತಿದರೂ ಕೆಳಗೆ ಬರಿಯ ಬಿಳುಪು. ಬೀದಿದೀಪಗಳ ಅಲಂಕಾರಕ್ಕಾಗಿ ಡಿಸೆಂಬರ್‌ಗೆ ಹೋಗುವುದಾದರೆ ಅದು ಬೇರೆ ಮಾತು.

ಕಾರಿನಲ್ಲಾದರೆ ಆಸ್ಟ್ರಿಯಾಕ್ಕೊಂದು, ಸ್ಲೊವೇನಿಯಾಕ್ಕೊಂದು ಹೆದ್ದಾರಿ ವಿನ್ಯೆಟ್, ಅಂದರೆ ಮುಂಗಡ ಶುಲ್ಕದ ಚೀಟಿ ಬೇಕು. ಟೌಯೆರ್ನ್ ಹೆದ್ದಾರಿಗೂ ಕಾರವಾಂಕನ್ ಸುರಂಗಕ್ಕೂ ಪ್ರತ್ಯೇಕ ಸುಂಕವಿದೆ. ಅಷ್ಟಾದರೂ ಹಳೆಯ ಪೇಟೆಯೊಳಗೆ ಕಾರು ಹೋಗುವುದಿಲ್ಲ. ಹೊರವಲಯದ ಪಾರ್ಕಿಂಗ್‌ನಲ್ಲಿ ಬಿಟ್ಟು ನಗರದ ಬಸ್ಸು ಹಿಡಿಯಬೇಕು.

ಊಟಕ್ಕೆ ಶ್ಟ್ರುಕ್ಲಿ ಒಳ್ಳೆಯದು: ತೆಳ್ಳಗೆ ಲಟ್ಟಿಸಿದ ಹಿಟ್ಟಿನಲ್ಲಿ ಚೀಸನ್ನೋ ಅಕ್ರೋಟನ್ನೋ ಸುತ್ತಿ ಬೇಯಿಸುತ್ತಾರೆ. ಸಾಮಾನ್ಯವಾಗಿ ಮೊಟ್ಟೆ ಸೇರಿಸಿರುತ್ತಾರಾದ್ದರಿಂದ ಅದು ನಿಷಿದ್ಧವಾದವರು ಕೇಳಿಯೇ ತೆಗೆದುಕೊಳ್ಳಬೇಕು. ಹುರುಳಿ ಹಿಟ್ಟಿನ ಮುದ್ದೆಯೆಂದು ಕೆಲವರು ಪರಿಚಯಿಸುವ ಝ್ಗಾಂಟ್ಸಿಯ ಬಗ್ಗೆ ಎಚ್ಚರವಿರಲಿ. ಅದು ನಮ್ಮ ಹುರುಳಿಯಲ್ಲ, ಬಕ್‌ವೀಟ್ ಎಂಬ ಬೇರೆಯೇ ಧಾನ್ಯ. ಜೊತೆಗೆ ಮೇಲೆ ಹಂದಿಕೊಬ್ಬಿನ ಹುರಿದ ತುಣುಕುಗಳನ್ನು ಉದುರಿಸಿ ಕೊಡುವುದೇ ವಾಡಿಕೆ. ಯೊಟಾ ಎಂಬ ಹುಳಿಕೋಸಿನ ಸಾರಿನಲ್ಲೂ ಹೊಗೆಹಾಕಿದ ಮಾಂಸ ಇರುವುದುಂಟು. ‘ಬ್ರೆಜ್ ಮೇಸಾ’, ಅಂದರೆ ಮಾಂಸವಿಲ್ಲದೆ ಎಂದು ಹೇಳಿ, ಕೊಬ್ಬಿನ ವಿಷಯವನ್ನು ಬೇರೆಯಾಗಿಯೇ ಕೇಳಿ. ಅನೇಕ ಅಡುಗೆಯವರ ಲೆಕ್ಕದಲ್ಲಿ ಕೊಬ್ಬು ಮಾಂಸವಲ್ಲ.