ಅಪ್‌ಡೇಟ್: ಟೋಕಿಯೋದಲ್ಲಿ ಸಸ್ಯಾಹಾರಿ ಊಟಕ್ಕೆ ಟೇಬಲ್ ಸಿಕ್ಕಿತು

ಅಪ್ಪ-ಅಮ್ಮನ ಜೊತೆ ಟೋಕಿಯೋಗೆ ಹೋಗ್ತಿದ್ದೇವೆ, ಇಬ್ಬರೂ ಮೀನು ಮುಟ್ಟಲ್ಲ, ಊಟಕ್ಕೆ ಎಲ್ಲಿ, ಹೇಗೆ ಬುಕ್ ಮಾಡೋದು ಅಂತ ಕೇಳಿದ್ದೆ ಅಲ್ವಾ. ಹೋಗಿ ಬಂದೆವು, ಎಲ್ಲರಿಗೂ ಥ್ಯಾಂಕ್ಸ್.

ಕೈ ಹಿಡಿದಿದ್ದು, ಉಳಿದುಕೊಳ್ಳೋ ಹೋಟೆಲ್‌ನವರಿಂದಲೇ ಫೋನ್ ಮಾಡಿಸಿ ಅನ್ನೋ ಸಲಹೆ. ಹೊರಡುವ ಮೊದಲೇ ಅವರಿಗೆ ಮೇಲ್ ಹಾಕಿ, ಮಾಂಸ-ಮೀನು ಮಾತ್ರ ಅಲ್ಲ, ಸಾರಿಗೆ ಹಾಕುವ ಮೀನಿನ ದಾಶಿಯೂ (ರುಚಿಗೆ ಬಳಸುವ ತಿಳಿ ರಸ) ಬೇಡ ಅಂತ ಬಿಡಿಸಿ ಬರೆದೆ. ಶೋಜಿನ್ ರ್ಯೋರಿ, ಅಂದರೆ ಬೌದ್ಧ ಮಠಗಳ ಅಡುಗೆ, ಮಾಡುವ ಕಡೆ ಮಧ್ಯಾಹ್ನಕ್ಕೆ ಜಾಗ ಹಿಡಿದುಕೊಟ್ಟರು. ಅಲ್ಲಿ ದಾಶಿಗೆ ಕೊಂಬು ಅನ್ನೋ ಕಡಲ ಸೊಪ್ಪು, ಒಣಗಿದ ಶೀಟಾಕೆ ಅಣಬೆ. ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ! ಇದು ನಮಗೆ ಗೊತ್ತೇ ಇರಲಿಲ್ಲ, ಅಮ್ಮ ನೆಮ್ಮದಿಯಾಗಿ ಉಂಡರು, ಮೆತ್ತಗಿನ ಎಳ್ಳಿನ ತೋಫು ಇನ್ನೊಂದು ಸಲ ಸಿಗುತ್ತಾ ಅಂತ ಕೇಳಿದರು.

ಆನ್‌ಲೈನ್ ಬುಕಿಂಗ್ ಆಗಲಿಲ್ಲ, ಕೆಲವು ಕಡೆ ಜಪಾನಿನ ಫೋನ್ ನಂಬರೇ ಬೇಕಿತ್ತು. ರೇಟಿಂಗ್ ನೋಡಿ ಆರಿಸುವವರಿಗೆ ಒಂದು ಮಾತು: ಜಪಾನಿನ ರೆಸ್ಟೋರೆಂಟ್ ರೇಟಿಂಗ್ ಸೈಟ್ ಟಾಬೆಲಾಗ್‌ನಲ್ಲಿ 5ಕ್ಕೆ 3.5 ಅಂದರೆ ಚೆನ್ನಾಗಿದೆ ಅಂತಲೇ ಲೆಕ್ಕ, ಕಡಿಮೆ ಅಂತ ಸುಮ್ನೆ ಬಿಡಬೇಡಿ.

ಬುಕಿಂಗ್ ಇಲ್ಲದ ದಿನ ಟೋಕಿಯೋ ಸ್ಟೇಷನ್ನಿನ ಟೀಸ್ ತಾನ್‌ತಾನ್‌ಗೆ ಹೋಗಿ, ಅಲ್ಲಿನ ರಾಮೆನ್ (ಸಾರಿನಲ್ಲಿ ಹಾಕಿದ ನೂಡಲ್ಸ್) ಪೂರ್ತಿ ಸಸ್ಯಾಹಾರಿ. ಅಂಗಡಿ ಟಿಕೆಟ್ ಗೇಟಿನ ಒಳಗಿದೆ, ಹಾಗಾಗಿ ರೈಲು ಹತ್ತುವ ಅಥವಾ ಬದಲಿಸುವ ದಿನವೇ ಇಟ್ಟುಕೊಳ್ಳಿ.