ಚೊಗರಿನ ಬೆಳ್ಳಿ ಕಣವನ್ನು ಹುಣ್ಣಿಗೆ ಹಚ್ಚಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಮಗಳು ಎಂಎಸ್ಸಿ ಪ್ರಾಜೆಕ್ಟಿಗೆ ನಮ್ಮ ಹಂಡೆಯ ಚೊಗರನ್ನೇ (ಅಡಿಕೆ ಬೇಯಿಸಿದಾಗ ಉಳಿಯುವ ಗಟ್ಟಿ ನೀರು) ಒಯ್ದು, ಸಿಲ್ವರ್ ನೈಟ್ರೇಟ್ ಬೆರೆಸಿ ಬೆಳ್ಳಿಯ ನ್ಯಾನೊ ಕಣ ಮಾಡಿದ್ದಾಳೆ. ಆಂಟಿಬಯೋಟಿಕ್ ಬಿಲ್ಲೆಗೆ ಅದನ್ನು ಹಾಕಿದರೆ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ ದೊಡ್ಡದಾಯಿತಂತೆ. ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಮಾಯುತ್ತಿಲ್ಲ. ಕಲ್ಚರ್ ರಿಪೋರ್ಟಿನಲ್ಲಿ ಮೂರು ಔಷಧಿಗೆ ರೆಸಿಸ್ಟೆಂಟ್, ಅಂದರೆ ಬ್ಯಾಕ್ಟೀರಿಯಾ ಅವಕ್ಕೆ ಬಗ್ಗುವುದಿಲ್ಲ ಅಂತ ಬಂದಿದೆ. ಮಾತ್ರೆ ಜೊತೆ ಇದನ್ನೂ ಹಚ್ಚಬಹುದಾ?

ಉತ್ತರ (ಮೈಕ್ರೋಬಯಾಲಜಿಸ್ಟ್, ಶಿವಮೊಗ್ಗ): ದಯವಿಟ್ಟು ಹಚ್ಚಬೇಡಿ. ಆ ದ್ರಾವಣ ಸ್ಟೆರೈಲ್ ಅಲ್ಲ, ಅದರಲ್ಲಿ ಉಳಿದ ಸಿಲ್ವರ್ ನೈಟ್ರೇಟ್ ಚರ್ಮ ಸುಡಬಹುದು. ರಿಪೋರ್ಟಿನಲ್ಲಿ ಸೆನ್ಸಿಟಿವ್ (ಬ್ಯಾಕ್ಟೀರಿಯಾ ಬಗ್ಗುತ್ತದೆ) ಎಂದಿರುವ ಔಷಧಿ ಯಾವುದು ನೋಡಿ, ಇವತ್ತೇ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು ಕಾಯುವುದಿಲ್ಲ.

ಮಗಳ ಕೆಲಸ ಮಾತ್ರ ಒಳ್ಳೆಯ ದಾರಿಯಲ್ಲಿದೆ. ಕಣದಿಂದ ಹೊರಬರುವ ಬೆಳ್ಳಿಯ ಅಯಾನು (ವಿದ್ಯುದಾವೇಶ ಇರುವ ಪರಮಾಣು) ಬ್ಯಾಕ್ಟೀರಿಯಾದ ಪೊರೆಯನ್ನು ಸಡಿಲಿಸುತ್ತದೆ, ಪ್ರೋಟೀನುಗಳ ಗಂಧಕಕ್ಕೆ ಅಂಟಿಕೊಳ್ಳುತ್ತದೆ. ಹೊರಗೇ ನಿಂತಿದ್ದ ಆಂಟಿಬಯೋಟಿಕ್ ಆಗ ಒಳಗೆ ನುಗ್ಗಬಹುದು. ಆದರೆ ಎರಡೂ ಕೊಲ್ಲುವ ವಸ್ತುಗಳೇ ಆದಾಗ ಬ್ಯಾಕ್ಟೀರಿಯಾ ಬೆಳೆಯದ ವಲಯ ದೊಡ್ಡದಾಗುವುದು ಸಹಜ, ಅಷ್ಟರಿಂದ ಒಂದಕ್ಕೊಂದು ಬಲ ಕೊಟ್ಟವು ಅನ್ನಲಾಗದು. ಎರಡನ್ನೂ ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ ನೋಡುವ ಚೆಕರ್‌ಬೋರ್ಡ್ ಪರೀಕ್ಷೆ ಮಾಡಿಸಿ. ಉದಾಹರಣೆಗೆ, ಬ್ಯಾಕ್ಟೀರಿಯಾ ತಡೆಯಲು ಒಂಟಿಯಾಗಿ 64 ಪಾಲು ಬೇಕಿದ್ದ ಆಂಟಿಬಯೋಟಿಕ್ ಜೋಡಿಯಲ್ಲಿ 8ಕ್ಕೆ, 16 ಬೇಕಿದ್ದ ಬೆಳ್ಳಿ 4ಕ್ಕೆ ಇಳಿದರೆ, 8/64 ಅಂದರೆ 0.125 ಮತ್ತು 4/16 ಅಂದರೆ 0.25 ಸೇರಿ 0.375. ಮೊತ್ತ 0.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಸಿನರ್ಜಿ, ಅಂದರೆ ಒಂದಕ್ಕೊಂದು ಬಲ ಕೊಟ್ಟವು ಅಂತ. ಬರೀ ಚೊಗರು, ಬರೀ ಸಿಲ್ವರ್ ನೈಟ್ರೇಟ್ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಲೇಬೇಕು. ಚೊಗರಿಗೆ ಒಗರು ಕೊಡುವ ಟ್ಯಾನಿನ್‌ಗೂ ಬ್ಯಾಕ್ಟೀರಿಯಾ ತಡೆಯುವ ಗುಣ ಇದೆಯಲ್ಲ.

ಬೆಳ್ಳಿಗೆ ರೆಸಿಸ್ಟೆನ್ಸ್ ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1975ರಲ್ಲೇ ಬಾಸ್ಟನ್ನಿನ ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಗೆ ಬಗ್ಗದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ವರದಿಯಾಗಿದೆ.

ಮರುಪ್ರಶ್ನೆ: ಮೇಡಂ, ನಾನೇ ಮಗಳು. ಅಜ್ಜಿಯನ್ನು ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗುತ್ತೇವೆ. ದ್ರಾವಣದ ಬಣ್ಣ ಕಂದಾಯಿತು, ಕಣ ಆಗಿದೆ ಅಂತ ತಾನೆ?

ಉತ್ತರ: ಚೊಗರೇ ಕೆಂಪು-ಕಂದು ಇರುತ್ತದಮ್ಮ, ಕಣ್ಣಳತೆ ಸಾಲದು. ಚೆನ್ನಾಗಿ ತೆಳು ಮಾಡಿ, ಯಾವ ತರಂಗದ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿಡು. 420 ನ್ಯಾನೊಮೀಟರ್ ಆಸುಪಾಸು ಶಿಖರ ಕಾಣಬೇಕು, ಅದೇ ಜಾಗದಲ್ಲಿ ಬರೀ ಚೊಗರಿಗೆ ಕಾಣಬಾರದು. ಒಂದೇ ಹಂಡೆಯದ್ದಾದರೂ ಮೊದಲ ಬೇಯಿಸಿನ ಚೊಗರು, ಕೊನೆಯ ಬೇಯಿಸಿನದ್ದು ಒಂದೇ ಅಲ್ಲ. ಯಾವುದನ್ನು ತಂದೆ ಅಂತ ಪುಸ್ತಕದಲ್ಲಿ ಬರೆದಿಡು.