ಘಾಟಿ ಹತ್ತುವ ಬೈಕಿಗೆ ಫ್ರೀ-ಫ್ಲೋ ಸೈಲೆನ್ಸರ್ ಹಾಕಿಸಬಹುದೇ?

ತೀರ್ಥಹಳ್ಳಿ ಸವಾರ:
ನಮಸ್ಕಾರ. ನನ್ನ ಬಳಿ 2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದ್ದು, ತಿಂಗಳಿಗೆ ಎರಡು ಸಲವಾದರೂ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬರುತ್ತೇನೆ. ಫ್ರೀ-ಫ್ಲೋ, ಅಂದರೆ ಹೊಗೆಗೆ ಒಳಗೆ ತಡೆಯಿಲ್ಲದ ಸೈಲೆನ್ಸರ್, ಹಾಕಿಸಿದರೆ ಶಬ್ದ ಗಂಭೀರವಾಗುವುದಲ್ಲದೆ ಪಿಕಪ್ ಕೂಡ ಹೆಚ್ಚುತ್ತದೆ ಎಂದು ಶಿವಮೊಗ್ಗದ ಅಂಗಡಿಯೊಂದರಲ್ಲಿ ಹೇಳಿದರು. ಏರಿನಲ್ಲಿ ಇದರಿಂದ ನಿಜಕ್ಕೂ ಅನುಕೂಲವಿದೆಯೇ? ಹಾಕಿಸಿಕೊಂಡು ಒಂದು ಮಳೆಗಾಲವನ್ನಾದರೂ ಕಳೆದವರು ದಯವಿಟ್ಟು ತಿಳಿಸಿ.

ಹಳೇ ಗ್ಯಾರೇಜ್:
ಶಬ್ದ ಹೆಚ್ಚುವುದು ಖಚಿತ, ಪಿಕಪ್ ವಿಷಯ ಹಾಗಲ್ಲ. ನಿಮ್ಮ 349 ಸಿಸಿ ಎಂಜಿನ್ ತನ್ನ 27 ನ್ಯೂಟನ್ ಮೀಟರ್ ಟಾರ್ಕನ್ನು (ತಿರುಗಿಸುವ ಬಲ) 4000 ಆರ್‌ಪಿಎಂನಲ್ಲೇ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಕೊಡುತ್ತದೆ; ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿನ ಉದ್ದ, ವ್ಯಾಸ, ಸೈಲೆನ್ಸರಿನ ಒಳರಚನೆ ಎಲ್ಲವೂ ಅದಕ್ಕೆ ಹೊಂದಿಕೊಂಡಿರುತ್ತವೆ. ವಾಲ್ವ್ ತೆರೆದೊಡನೆ ನುಗ್ಗುವ ಒತ್ತಡದ ಅಲೆ, ಪೈಪು ಅಗಲವಾಗುವ ಕಡೆ ಮುಟ್ಟಿ ಹೀರುವ ಅಲೆಯಾಗಿ ಹಿಂತಿರುಗುತ್ತದೆ, ಮತ್ತು ಅದು ಸರಿಯಾದ ಗಳಿಗೆಗೆ ಬಂದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದು ಹೊಸ ಮಿಶ್ರಣಕ್ಕೆ ಜಾಗ ಮಾಡಿಕೊಡುತ್ತದೆ. ಒಳಗಿನ ತಡೆಗಳಿಲ್ಲದ ಸೈಲೆನ್ಸರ್ ಏನಾದರೂ ಲಾಭ ಕೊಟ್ಟರೆ ಸಾಮಾನ್ಯವಾಗಿ ಮೇಲಿನ ಆರ್‌ಪಿಎಂನಲ್ಲಿ. ಆಗುಂಬೆಯ 14 ಹಿಮ್ಮುರಿ ತಿರುವುಗಳಲ್ಲಿ ನಿಮಗೆ ಬೇಕಾಗಿರುವುದು ಕೆಳಗಿನ ಆರ್‌ಪಿಎಂನ ಟಾರ್ಕ್.

ಇನ್ನೊಂದು ಮಾತು. ಸಣ್ಣ ವ್ಯತ್ಯಾಸವನ್ನು ಬಿಎಸ್6 (ಹೊಗೆ ಮಾಲಿನ್ಯದ ಮಾನದಂಡ) ಬೈಕಿನ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಸರಿದೂಗಿಸುತ್ತದೆಯಾದರೂ, ಆಕ್ಸಿಲರೇಟರ್ ಪೂರ್ತಿ ತಿರುವಿದಾಗ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಆ ಸೆನ್ಸರಿನ ಮಾತು ಕೇಳದೆ ಮೊದಲೇ ತುಂಬಿದ ಲೆಕ್ಕದಂತೆ ಪೆಟ್ರೋಲ್ ಬಿಡುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಎಂಜಿನ್ ಬಿಸಿಯೇರುತ್ತದೆ. ಇಳಿಜಾರಿನಲ್ಲಿ ಪಟಪಟ ಸಿಡಿಯುವುದು ಶಕ್ತಿಯ ಲಕ್ಷಣವಲ್ಲ, ಉರಿಯದ ಪೆಟ್ರೋಲ್ ಬಿಸಿ ಪೈಪಿನಲ್ಲಿ ಹೊತ್ತಿಕೊಳ್ಳುವುದು.

ಹೊಸನಗರದವ:
ನಾನು ಹಾಕಿಸಿ ಒಂಬತ್ತೇ ತಿಂಗಳಿಗೆ ತೆಗೆಸಿದವನು. ಆಷಾಢದ ಮಳೆಗೆ ಶಬ್ದ ತಗ್ಗಿಸಲು ಒಳಗೆ ತುಂಬಿದ್ದ ಗ್ಲಾಸ್ ವೂಲ್ (ಗಾಜಿನ ನಾರು) ನೀರು ಕುಡಿದು, ಬಿಸಿಗೆ ಕರಟಿ, ತುದಿಯಿಂದ ಎಳೆಎಳೆಯಾಗಿ ಉದುರತೊಡಗಿತು. ಗುಡುಗಿನಂತಿದ್ದ ಶಬ್ದ ತಗಡು ಬಡಿದಂತಾಯಿತು. ಬೈಕು ಚುರುಕಾಗಿದೆಯೆಂದೇ ನಂಬಿದ್ದೆ. ಆದರೆ ಹುಲಿಕಲ್ ಘಾಟಿಯಲ್ಲಿ ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಎರಡನೆಯದು ಬೇಕಾಯಿತು. ರಾತ್ರಿ ತೋಟದ ದಾರಿಯಲ್ಲಿ ಬಂದರೆ ಕೊಟ್ಟಿಗೆಯ ದನಗಳು ಕಣ್ಣಿ ಜಗ್ಗುತ್ತಿದ್ದವು, ಅದನ್ನು ಅಮ್ಮನಿಂದ ದಿನವೂ ಕೇಳಬೇಕಿತ್ತು.

ಕಾನೂನು ಆಸಕ್ತ:
175 ಸಿಸಿ ಮೀರಿದ ಬೈಕುಗಳಿಗೆ ತಯಾರಿಕೆಯ ಹಂತದಲ್ಲಿ 80 ಡೆಸಿಬಲ್ ಮಿತಿಯಿದೆ. ಶಬ್ದಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ ಕಲಂ 190(2)ರಂತೆ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ ಆಗಬಹುದು.

ತೀರ್ಥಹಳ್ಳಿ ಸವಾರ:
ಎಲ್ಲರಿಗೂ ಧನ್ಯವಾದ. ಶಬ್ದದ ಆಸೆ ಇನ್ನೂ ಪೂರ್ತಿ ಹೋಗಿಲ್ಲ, ಆದರೂ ನನಗೆ ಮುಖ್ಯವಾದದ್ದು ಏರು. ಅದಕ್ಕೆ ಬೇರೆ ದಾರಿ ಇದೆಯೇ?

ಹಳೇ ಗ್ಯಾರೇಜ್:
ಏರ್ ಫಿಲ್ಟರ್, ಚೈನ್, ಟೈರಿನ ಗಾಳಿ ಮೊದಲು ನೋಡಿಸಿ. ಆಮೇಲೂ ಸಾಲದೆನಿಸಿದರೆ ಮುಂದಿನ ಸ್ಪ್ರಾಕೆಟ್ಟಿನಲ್ಲಿ (ಚೈನ್ ತಿರುಗಿಸುವ ಹಲ್ಲುಚಕ್ರ) ಒಂದು ಹಲ್ಲು ಕಡಿಮೆ ಮಾಡಿಸಿದರೆ ಎಳೆತ ಕೈಗೆ ತಿಳಿಯುವಷ್ಟು ಹೆಚ್ಚುತ್ತದೆ. ಶಿವಮೊಗ್ಗದ ನೇರ ರಸ್ತೆಯಲ್ಲಿ ಮಾತ್ರ ಅದೇ ವೇಗಕ್ಕೆ ಎಂಜಿನ್ ತುಸು ಹೆಚ್ಚು ತಿರುಗಬೇಕಾಗುತ್ತದೆ.